ಭಾನುವಾರ ಕೂಗದ ಕೂಗಿಗೆ ಒಂದು ದೂರು

ಜನ್ನಾಪುರ, ಭದ್ರಾವತಿ
೨೩ನೇ ಫೆಬ್ರವರಿ ೧೯೩೮, ಬುಧವಾರ

ಕಾರ್ಖಾನೆಯ ಚಾವಣಿಯ ಮೇಲೆ ವಿರಾಜಮಾನರಾಗಿ, ಕಿವಿಗೆ ಎಟಕುವಷ್ಟು ದೂರದ ಸಮಸ್ತ ಜನರ ಏಳುವುದು, ಉಣ್ಣುವುದು, ದುಡಿಯುವುದನ್ನು ಒಂದೇ ಉಸಿರಿನ ಉಗಿಯಿಂದ ಆಳುತ್ತಿರುವ, ಕಾಗದಪತ್ರಗಳಲ್ಲಿ ಸೈರನ್ ಎನಿಸಿಕೊಳ್ಳುವ ಕೂಗು ಮಹಾಶಯರ ಸನ್ನಿಧಿಗೆ, ಹಾಜರಿ ವಿಭಾಗದ ಗುಮಾಸ್ತ ಷಣ್ಮುಖಪ್ಪನ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ ಎಂಬುದು ಈ ಬೆಳಿಗ್ಗೆ ಆರಕ್ಕೆ ನನಗೂ, ನನ್ನ ಹೆಂಡತಿಗೂ, ಪಕ್ಕದ ಮನೆಯ ಎಮ್ಮೆಗೂ ಏಕಕಾಲದಲ್ಲಿ ತಿಳಿದದ್ದರಿಂದ ಕುಶಲ ಕೇಳುವ ಅಗತ್ಯ ಬೀಳಲಿಲ್ಲ. ಗುಟ್ಟಿನಲ್ಲಿ ಮಾತಾಡುವ ಅಭ್ಯಾಸ ತಮಗಿಲ್ಲದ್ದರಿಂದ ನಾನೂ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ತಪ್ಪದವನು ಮೊನ್ನೆ ಸೋಮವಾರ ಗೈರುಹಾಜರಾದದ್ದೇಕೆ ಎಂದು ಕಛೇರಿ ನನ್ನಿಂದ ಲಿಖಿತ ಸಮಜಾಯಿಷಿ ಕೇಳಿದೆ. ಬರೆಯಲು ಕುಳಿತಾಗ, ನಡೆದದ್ದಕ್ಕೆಲ್ಲ ಮೂಲ ತಾವೇ ಎಂಬುದು ಹೊಳೆದು ಕಾಗದವನ್ನು ತಮ್ಮ ಹೆಸರಿಗೆ ತಿರುಗಿಸಿದ್ದೇನೆ.

ಮಗಳು ಮದುವೆಯಾಗಿ ಹೋದ ಮೇಲೆ ನಮ್ಮ ಮನೆಯಲ್ಲಿ ಇರುವವರು ಮೂವರು: ನಾನು, ನನ್ನ ಹೆಂಡತಿ ಶಾಂತಮ್ಮ, ಮತ್ತು ತಾವು. ತಮ್ಮ ಮೊದಲನೆಯ ಕೂಗಿಗೆ ಒಲೆ ಹೊತ್ತುತ್ತದೆ, ಎರಡನೆಯದಕ್ಕೆ ನಾನು ಚಪ್ಪಲಿ ಮೆಟ್ಟುತ್ತೇನೆ, ಮೂರನೆಯದಕ್ಕೆ ಅನ್ನ ಬೆಂದಿರುತ್ತದೆ, ನಾಲ್ಕನೆಯದಕ್ಕೆ ಕೈತೊಳೆದು ಓಡುತ್ತೇನೆ, ಐದನೆಯದಕ್ಕೆ ಮರಳುತ್ತೇನೆ. ಈ ನಡುವೆ ಶಾಂತಮ್ಮ ನನಗೆ ಏನಾದರೂ ಹೇಳಲು ತೊಡಗಿದರೆ ಮಾತಿನ ಅರ್ಧಕ್ಕೆ ತಾವು ಕೂಗುತ್ತೀರಿ, ನಾನು ಏಳುತ್ತೇನೆ, ಉಳಿದರ್ಧ ಅಡುಗೆಮನೆಯಲ್ಲೇ ಉಳಿಯುತ್ತದೆ. ಭಾನುವಾರ ಕುಲುಮೆಗೆ ಬಿಡುವಿಲ್ಲದಿದ್ದರೂ ತಮಗೆ ಬಿಡುವುಂಟು; ನನಗಿಲ್ಲ. ಅಂದು ಹನ್ನೊಂದೂವರೆಗೆ ನಾನೇ ಒಳಗೊಳಗೆ ಕೂಗಿಕೊಂಡು ಎಲೆಯ ಮುಂದೆ ಕುಳಿತಿರುತ್ತೇನೆ.

ಸಂಕ್ರಾಂತಿಯ ಮಾರನೆಯ ದಿನ ಅವಳು ಟ್ರಂಕನ್ನು ಕೆಳಗಿಳಿಸಿ ಸೀರೆ ತುಂಬಿದಳು. ‘ಶಿವಮೊಗ್ಗಕ್ಕೆ ಅಕ್ಕನ ಮನೆಗೆ ಹೋಗ್ತೀನಿ ಕಣ್ರೀ. ಅಲ್ಲಿಗಿದು ಕೇಳ್ಸಲ್ಲ,’ ಎಂದಳು. ಯಾವಾಗ ಬರುತ್ತೀಯೆ ಎಂದು ಕೇಳಿದೆ. ‘ನೀವು ಒಂದು ಮಾತನ್ನ ಪೂರ್ತಿ ಕೇಳೋ ಹಾಗಾದಾಗ ಹೇಳಿ ಕಳ್ಸಿ,’ ಎಂದಳು. ಆ ಉತ್ತರಕ್ಕೆ ನಾನು ಏನೋ ಹೇಳುವವನಿದ್ದೆ. ತಾವು ಕೂಗಿದಿರಿ.

ಅಡುಗೆಮನೆಯಲ್ಲಿ ಒಂದು ಕ್ಯಾಲೆಂಡರಿದೆ. ಗಾಂಧಿ ಬಜಾರಿನ ಜವಳಿ ಅಂಗಡಿಯವರು ಕೊಟ್ಟದ್ದು. ನೀಲಿ ಸಮುದ್ರದ ನಡುವೆ ಒಂದು ದ್ವೀಪ, ಬಿಳಿ ಮರಳು, ಬಾಗಿದ ತೆಂಗಿನಮರ, ಮನುಷ್ಯರು ಯಾರೂ ಇಲ್ಲ. ಅದನ್ನು ನೋಡುತ್ತಲೇ ಅವಳು ಸೊಪ್ಪು ಬಿಡಿಸುತ್ತಾಳೆಂಬುದನ್ನು ನಾನು ಆ ಸಂಜೆ ಮೊದಲ ಬಾರಿ ಗಮನಿಸಿದೆ. ಸಮುದ್ರ ನಮಗೆ ದೂರ; ಆದರೆ ಊರಿನಿಂದ ಮೂರು ಮೈಲಿ ಮೇಲಕ್ಕೆ ಭದ್ರೆಯ ಮಧ್ಯೆ ಒಂದು ನಡುಗಡ್ಡೆಯಿದೆ. ತೆಂಗಿಲ್ಲ, ಈಚಲಿದೆ, ಮರಳು ಬಿಳಿಯಲ್ಲ, ಆದರೂ ಮರಳು. ಒಂದು ಇಡೀ ದಿನ ಅಲ್ಲಿಗೆ ದೋಣಿಯಲ್ಲಿ ಹೋಗಿ ಬರೋಣ, ಆಮೇಲೆ ಬೇಕಾದರೆ ಶಿವಮೊಗ್ಗ, ಎಂದೆ. ಟ್ರಂಕಿನ ಮುಚ್ಚಳ ಅರ್ಧಕ್ಕೆ ನಿಂತಿತು.

ತಮ್ಮ ಶಿಷ್ಯನಾದ ನಾನು ಆ ದಿನದ ಯೋಜನೆಯನ್ನು ಎಷ್ಟು ಶ್ರದ್ಧೆಯಿಂದ ಮಾಡಿದೆನೆಂದರೆ, ಹಾಜರಿ ಪುಸ್ತಕದ ಹಾಳೆಯೊಂದರಲ್ಲಿ ಗೆರೆ ಎಳೆದು, ಏಳೂವರೆಗೆ ದೋಣಿ, ಎಂಟಕ್ಕೆ ಇಳಿಯುವುದು, ಎಂಟೂಕಾಲಿನವರೆಗೆ ನದಿ ನೋಡುವುದು, ಎಂಟೂವರೆಗೆ ಅವಲಕ್ಕಿ, ಒಂಬತ್ತರಿಂದ ಹತ್ತು ಸಂತೋಷ, ಆನಂತರ ನೆರಳು, ಬುತ್ತಿ, ವಿಶ್ರಾಂತಿ ಎಂದು ಸಂಜೆಯವರೆಗೆ ತುಂಬಿದೆ. ಶಾಂತಮ್ಮ ಓದಿ, ‘ಸಂತೋಷಕ್ಕೆ ತಡವಾಗಿ ಬಂದ್ರೆ ಅರ್ಧ ದಿನ ಗೈರೋ?’ ಎಂದು ಕೇಳಿ ಆ ಹಾಳೆಯಲ್ಲಿ ಚಟ್ನಿಪುಡಿ ಕಟ್ಟಿದಳು.

ದೋಣಿ ಖಾಜಾ ಪೀರನದು. ಅವನ ಮನೆ ನಡುಗಡ್ಡೆಯಿಂದ ಕಾಣದ ತಿರುವಿನಾಚೆ. ಹಿಂದೊಮ್ಮೆ ಶಿವಮೊಗ್ಗದ ವಕೀಲರೊಬ್ಬರ ಸಂಸಾರವನ್ನು ಅಲ್ಲಿಳಿಸಿ, ಹೇಳಿದ್ದಕ್ಕಿಂತ ಮುಂಚೆ ಕರೆತರಲು ಹೋದನೆಂದು ಬೈಸಿಕೊಂಡವನು. ಭಾನುವಾರ ಬೆಳಿಗ್ಗೆ ನಮ್ಮನ್ನು ಇಳಿಸಿ, ‘ಯಾವಾಗ ಬರ್ಲಿ ಗುಮಾಸ್ತ್ರೇ?’ ಎಂದ. ನನ್ನ ಜೇಬಿನ ಗಡಿಯಾರ ಮದುವೆಯಲ್ಲಿ ಅಳಿಯನ ಪಾಲಾಗಿದೆ; ಅವನಲ್ಲಿ ಗಡಿಯಾರ ಎಂದೂ ಇರಲಿಲ್ಲ. ಭದ್ರಾವತಿಯ ಯಾವನೇ ಆದರೂ ಹೇಳುವ ಮಾತನ್ನೇ ನನ್ನ ಬಾಯಿ ಹೇಳಿತು: ‘ಸಾಯಂಕಾಲದ ಕೂಗಾದ ಮೇಲೆ ಬಾ. ಅದಕ್ಕೆ ಮುಂಚೆ ಬರಬೇಡ.’ ತಮ್ಮಿಂದ ತಪ್ಪಿಸಿಕೊಳ್ಳಲೆಂದೇ ಭಾನುವಾರವನ್ನು ಆರಿಸಿದವನು, ನಮ್ಮನ್ನು ಮರಳಿ ಕರೆಯುವ ಕೆಲಸವನ್ನು ತಮಗೇ ವಹಿಸಿದೆ. ಶಾಂತಮ್ಮ ಪಕ್ಕದಲ್ಲೇ ನಿಂತಿದ್ದಳು. ಕೇಳಿ, ಬುತ್ತಿಯ ಗಂಟೆತ್ತಿಕೊಂಡು ನೆರಳಿಗೆ ನಡೆದಳು.

ಸಂಜೆಯಾಯಿತು. ಬಿಸಿಲು ಈಚಲಿನ ತುದಿ ದಾಟಿ ಹೋಯಿತು. ಕೊಕ್ಕರೆಗಳು ಯಾರ ಅಪ್ಪಣೆಯೂ ಇಲ್ಲದೆ ಹೊರಟವು. ತಾವು ಕೂಗಲಿಲ್ಲ. ಇಂದು ಭಾನುವಾರ ಎಂದು ನನಗೆ ಹೊಳೆದಾಗ ನಾನು ನೀರಿನಂಚಿಗೆ ಓಡಿ ಖಾಜಾ ಪೀರನನ್ನು ಕರೆದೆ. ನನ್ನ ಕಂಠಕ್ಕೂ ತಮ್ಮದಕ್ಕೂ ಇರುವ ಅಂತರವನ್ನು ಅಂದು ಅರಿತೆ. ಈಜು ನನಗೆ ಬಾರದು. ಶಾಂತಮ್ಮ ಜಮಖಾನ ಕೊಡವಿ ಮತ್ತೆ ಹಾಸಿದಳು. ರಾತ್ರಿ ಕಳೆಯಿತೆಂದಷ್ಟೇ ಬರೆಯುತ್ತೇನೆ.

ಸೋಮವಾರ ಆರಕ್ಕೆ ತಾವು ಸುಪ್ರಸನ್ನರಾಗಿ ಕೂಗಿದಿರಿ. ಸ್ವಲ್ಪ ಹೊತ್ತಿಗೆಲ್ಲ ದೋಣಿ ಬಂತು. ಏಳಕ್ಕೆ ನಾನು ಕಛೇರಿಯಲ್ಲಿರಬೇಕು. ‘ಕೂಗಾದ್ಮೇಲೆ ಬಾ ಅಂದ್ರಿ. ಕಾದೆ, ಕಾದೆ, ಆಗ್ಲೇ ಇಲ್ಲ. ದೊಡ್ಡೋರು ಇನ್ನೂ ಇರ್ಬೇಕು ಅಂತಾರೇನೋ ಅಂದ್ಕೊಂಡೆ. ಈಗಾಯ್ತು, ಬಂದೆ,’ ಎಂದ ಖಾಜಾ ಪೀರ. ನಾನು ಒಂದು ಕಾಲನ್ನು ದೋಣಿಗಿಟ್ಟೆ. ಶಾಂತಮ್ಮ ಕುಳಿತಲ್ಲಿಂದಲೇ ಹೇಳಿದಳು: ‘ಇದು ಬೆಳಗಿನ ಕೂಗು ಸಾಬ್ರೇ. ಇವ್ರು ಹೇಳಿದ್ದು ಸಾಯಂಕಾಲದ್ದು. ಸಾಯಂಕಾಲ ಬನ್ನಿ.’

ಅವನು ನನ್ನ ಮುಖ ನೋಡಿದ. ಹನ್ನೆರಡು ವರ್ಷದ ಹಾಜರಿ ನನ್ನ ಒಂದು ಕಾಲಿನಲ್ಲಿತ್ತು, ಮಿಕ್ಕದ್ದು ಇನ್ನೊಂದರಲ್ಲಿ. ‘ಅಮ್ಮಾರು ಹೇಳಿದ್ದು ಸರೀನೇ,’ ಎಂದು ಅವನು ದೋಣಿಯಲ್ಲಿದ್ದ ಬಾಳೆಹಣ್ಣಿನ ಚಿಪ್ಪನ್ನು ದಡಕ್ಕಿಟ್ಟ. ನಾನು ಕಾಲು ತೆಗೆದೆ. ದೋಣಿ ತಿರುವಿನಾಚೆ ಮರೆಯಾದ ಮೇಲೆ ಅವಳು ಸೆರಗು ಬಿಗಿದು ನೀರಿಗಿಳಿದು, ಆಚೆ ದಡದವರೆಗೆ ಈಜಿ ಹೋಗಿ ಈಜಿ ಬಂದಳು. ಕೂಡ್ಲಿಯಲ್ಲಿ ಎರಡು ನದಿಗಳ ಪಕ್ಕದಲ್ಲಿ ಬೆಳೆದವಳು. ನನಗೆ ತಿಳಿದಿರಲೇ ಇಲ್ಲ. ‘ನಿನ್ನೆ ಸಂಜೆಯೇ ಹೋಗಿ ಅವನನ್ನು ಕರೆಯಬಹುದಿತ್ತಲ್ಲ?’ ಎಂದೆ. ‘ಕರೀಬಹುದಿತ್ತು,’ ಎಂದು ಕೂದಲು ಹಿಂಡಿದಳು. ‘ಈಜು ಬರುತ್ತೆ ಅಂತ ಈ ಊರಿಗೆ ಬಂದ ಹೊಸದ್ರಲ್ಲಿ ಹೇಳೋಕೆ ಶುರು ಮಾಡಿದ್ದೆ.’

ಇನ್ನು ನನ್ನ ಪ್ರಾರ್ಥನೆಗಳು. ಭಾನುವಾರ ತಾವು ಕೂಗುವುದಿಲ್ಲವೆಂಬುದನ್ನು ಭಾನುವಾರವೇ ಗಟ್ಟಿಯಾಗಿ ಕೂಗಿ ತಿಳಿಸುವ ಕೃಪೆ ಮಾಡಬೇಕು. ಯಾವುದಾದರೂ ಮನೆಯಲ್ಲಿ ಹೆಂಗಸೊಬ್ಬಳು ಮಾತು ಆರಂಭಿಸಿದ್ದರೆ, ಆ ಮನೆಯ ಮಟ್ಟಿಗೆ ಪಿಸುದನಿಯಲ್ಲಿ ಕೂಗಬೇಕು. ಹಾಗೂ, ಸೋಮವಾರದ ತಮ್ಮ ಐದೂ ಕೂಗುಗಳನ್ನು ನಾನು ಸ್ಪಷ್ಟವಾಗಿ ಕೇಳಿರುವುದರಿಂದ, ಕೇಳಿಸಿಕೊಂಡವನು ಹಾಜರಿದ್ದಂತೆಯೇ ಸರಿ ಎಂದು ಕಛೇರಿಗೆ ತಮ್ಮ ಕೈಬರಹದಲ್ಲೇ ಪ್ರಮಾಣಪತ್ರ ಕೊಡಬೇಕು.

ಸತ್ಯವನ್ನು ಮುಚ್ಚಿಡಲಾರೆ. ಆ ದಿನ ತಾವು ಎರಡನೆಯ ಸಲ ಕೂಗಿದಾಗ ನನ್ನ ಕಾಲುಗಳು ತಾವಾಗಿ ಎದ್ದುನಿಂತವು. ಮೂರನೆಯದಕ್ಕೆ ಮಂಡಿ ಮಾತ್ರ ಮಿಸುಕಿತು. ಸಾಯಂಕಾಲದ ಕೂಗಾದಾಗ ಶಾಂತಮ್ಮ ಏನೋ ಹೇಳುತ್ತಿದ್ದಳು. ತಾವು ಮುಗಿಸುವವರೆಗೆ ಕಾದು, ನನ್ನ ಕಡೆ ಒಮ್ಮೆ ನೋಡಿ, ನಾನು ಕುಳಿತೇ ಇದ್ದುದನ್ನು ಖಚಿತಪಡಿಸಿಕೊಂಡು, ಬಿಟ್ಟಲ್ಲಿಂದಲೇ ಮುಂದುವರಿಸಿದಳು. ಖಾಜಾ ಪೀರ ದೋಣಿಯಲ್ಲಿ ಕುಳಿತು ಅದು ಮುಗಿಯುವ ತನಕ ಕಾದ. ಅವಳು ಶಿವಮೊಗ್ಗಕ್ಕೆ ಇನ್ನೂ ಹೋಗಿಲ್ಲ.

ತಮ್ಮ ದನಿಗೆ ಎಟಕುವಷ್ಟರಲ್ಲೇ ಇದ್ದರೂ ಈಚೆಗೆ ಸ್ವಲ್ಪ ನಿಧಾನವಾಗಿ ಏಳುತ್ತಿರುವ,
ತಮ್ಮ ವಿಶ್ವಾಸಿ,
ಷಣ್ಮುಖಪ್ಪ

ಮರೆತ ಮಾತು: ನನ್ನಿಂದ ಸಮಜಾಯಿಷಿ ಕೇಳಿರುವ ಅಧಿಕಾರಿಗಳು, ನಮ್ಮ ನಡುಗಡ್ಡೆಯ ವರ್ಣನೆಯನ್ನು ಯಾರಿಂದಲೋ ಕೇಳಿ ಮೆಚ್ಚಿ, ಬರುವ ಭಾನುವಾರ ಸಕುಟುಂಬವಾಗಿ ಅಲ್ಲಿಗೆ ಹೋಗುವವರಿದ್ದಾರೆ. ಇಂದು ಖಾಜಾ ಪೀರನನ್ನು ಕಛೇರಿಗೆ ಕರೆಸಿ, ಸಾಯಂಕಾಲದ ಕೂಗಿಗೆ ಸರಿಯಾಗಿ ಬರತಕ್ಕದ್ದು, ಒಂದು ನಿಮಿಷ ಮುಂಚೆಯೂ ಕೂಡದು ಎಂದು ತಾಕೀತು ಮಾಡಿದರು. ನಾನು ಅಲ್ಲೇ ಇದ್ದೆ. ಮೇಲಿನವರ ಮಾತಿನ ಮಧ್ಯೆ ಬಾಯಿ ಹಾಕುವುದು ಗುಮಾಸ್ತನಿಗೆ ಶೋಭೆಯಲ್ಲವೆಂದು ಸುಮ್ಮನಿದ್ದೆ. ತಾವೂ ಅಂದು ಎಂದಿನಂತೆ ಸುಮ್ಮನಿರುತ್ತೀರೆಂದು ನಂಬಿದ್ದೇನೆ.