ಮೊಣಕಾಲಿಗೆ ಒಂಬತ್ತು ವರ್ಷದ ಗ್ಯಾರಂಟಿ

ಆಟಗಾರ: ಅಲ್ಲಲ್ಲ ಡಾಕ್ಟ್ರೇ, ಸ್ವಲ್ಪ ಕೆಳಗೆ. ಹಾಂ, ಅಲ್ಲೇ. ಅಯ್ಯಯ್ಯೋ!

ಡಾಕ್ಟರು: ನಾನಿನ್ನೂ ಕೈಯೇ ಇಟ್ಟಿಲ್ಲಪ್ಪ.

ಆಟಗಾರ: ಇಡ್ತೀರಿ ಅಂತ ಗೊತ್ತಾದ ಕೂಡಲೇ ಶುರುವಾಯ್ತು.

ಬೆಳಗಿನ ಹತ್ತೂವರೆ. ಫುಟ್‌ಬಾಲ್ ಕ್ಲಬ್ಬಿನ ತಪಾಸಣೆ ಕೊಠಡಿ. ಎತ್ತರದ ಮಂಚದ ಮೇಲೆ ಚಡ್ಡಿಯಲ್ಲಿ ಕೂತು ಕಾಲು ಇಳಿಬಿಟ್ಟಿದ್ದ ಆಟಗಾರನಿಗೆ ಇಪ್ಪತ್ತೆಂಟು ವರ್ಷ. ಕ್ಲಬ್ಬು ಅವನನ್ನು ಒಟ್ಟಿಗೇ ಒಂಬತ್ತು ವರ್ಷಕ್ಕೆ ಬರೆಸಿಕೊಳ್ಳಲು ಹೊರಟಿತ್ತು. ಮಧ್ಯಾಹ್ನ ಮೂರಕ್ಕೆ ಕಾಂಟ್ರ್ಯಾಕ್ಟಿಗೆ ಸಹಿ. ಅದಕ್ಕೆ ಮೊದಲು ಡಾಕ್ಟರು, ಐವತ್ತು ದಾಟಿದ ಹೆಂಗಸು, ಇವನ ಮೈ ನೆಟ್ಟಗಿದೆಯೆಂದು ಬರೆದುಕೊಡಬೇಕು. ಬಾಗಿಲ ಬಳಿಯ ಕುರ್ಚಿಯಲ್ಲಿ ಅವನ ಹೆಂಡತಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಮಗುವಿನ ರಿಸಲ್ಟಿಗೆ ಕಾಯುವವಳಂತೆ ಕೂತಿದ್ದಳು. ಅವಳೆದುರು ‘ಬೇಡ’ ಎನ್ನುವ ಧೈರ್ಯ ಅವನಿಗೆ ಹದಿನೈದು ದಿನದಿಂದ ಬಂದಿರಲಿಲ್ಲ. ಹಾಗಾಗಿ ಆ ಮಾತನ್ನು ಮೊಣಕಾಲಿನ ಬಾಯಲ್ಲಿ ಹೇಳಿಸಲು ತೀರ್ಮಾನಿಸಿಕೊಂಡು ಬಂದಿದ್ದ.

ಡಾಕ್ಟರು: ಇಳಿ. ಗೋಡೆವರೆಗೂ ನಡೆದು ವಾಪಸ್ ಬಾ.

ಅವನು ಕುಂಟುತ್ತಾ ಹೋಗಿ ಕುಂಟುತ್ತಾ ಬಂದ.

ಡಾಕ್ಟರು: ಹೋಗೋವಾಗ ಬಲಗಾಲು ಕುಂಟಿತು. ಬರೋವಾಗ ಎಡಗಾಲು.

ಆಟಗಾರ: ಒಂದರ ಮೇಲೇ ಭಾರ ಹಾಕೋದು ಬೇಡ ಅಂತ.

ಡಾಕ್ಟರು: ನೋಡಪ್ಪ, ಇಪ್ಪತ್ತೆರಡು ವರ್ಷ ಆಯ್ತು ನಾನು ಈ ಕೆಲಸಕ್ಕೆ ಬಂದು. ಮುರಿದ ಕಾಲಲ್ಲಿ ಕುಣಿದು ತೋರಿಸಿ ಪಾಸಾದವರನ್ನ ನೋಡಿದೀನಿ. ಗಟ್ಟಿ ಕಾಲು ಇಟ್ಕೊಂಡು ಕುಂಟಿ ತೋರಿಸ್ತಿರೋನು ನೀನೇ ಮೊದಲನೇವನು.

ಹೆಂಡತಿ: ರೀ, ಬೆಳಿಗ್ಗೆ ಮೆಟ್ಟಿಲು ಮೂರು ಮೂರು ಹಾರ್ಕೊಂಡು ಇಳಿದ್ರಲ್ಲ?

ಆಟಗಾರ: ಅದೇ ಕಣೇ ತಪ್ಪಾಗಿದ್ದು.

ಹೆಂಡತಿ: ಡಾಕ್ಟ್ರೇ, ಇವರ ಮಾತು ಬಿಡಿ. ಆರು ವರ್ಷದಲ್ಲಿ ಐದು ಊರು ನೋಡಿದೀವಿ. ವರ್ಷಕ್ಕೊಂದು ಕಾಂಟ್ರ್ಯಾಕ್ಟು, ವರ್ಷಕ್ಕೊಂದು ಮನೆ. ನಾನು ಮೂರನೇ ಕ್ಲಾಸಿನ ಟೀಚರು. ಮಕ್ಕಳಿಗೆ ಗುಣಾಕಾರ ಹೇಳಿಕೊಡ್ತೀನಿ, ಭಾಗಾಕಾರ ಬರೋದ್ರೊಳಗೆ ಇವರ ಗಂಟುಮೂಟೆ ಕಟ್ಟಿಯಾಗಿರತ್ತೆ. ಈವರೆಗೂ ಒಂದು ಮಗೂಗೂ ಭಾಗಾಕಾರ ಕಲಿಸಿಲ್ಲ ನಾನು.

ಅವಳು ಅದನ್ನು ನಗುತ್ತಲೇ ಹೇಳಿದಳು. ಆದರೂ ಅವನು ತನ್ನ ಕಾಲ್ಬೆರಳುಗಳನ್ನು ನೋಡಿಕೊಂಡ.

ಆಟಗಾರ: ಡಾಕ್ಟ್ರೇ, ಒಂಬತ್ತು ವರ್ಷಕ್ಕೆ ನಂಗೆ ಮೂವತ್ತೇಳು. ಅಷ್ಟು ದಿನ ಈ ಮೊಣಕಾಲು ಬಾಳಿಕೆ ಬರತ್ತೆ ಅಂತ ನೀವು ಹೇಗೆ ಬರೆದುಕೊಡ್ತೀರಿ?

ಡಾಕ್ಟರು: ನಮ್ಮನೆ ಫ್ರಿಜ್ಜಿಗೆ ಎರಡು ವರ್ಷ ಅಂತ ಬರೆದುಕೊಟ್ಟಿದ್ರು. ಹದಿನಾಲ್ಕು ವರ್ಷ ಆಯ್ತು, ಇನ್ನೂ ಗುರ್ ಅಂತಿದೆ. ಮಿಕ್ಸಿಗೆ ಐದು ವರ್ಷ ಅಂದಿದ್ರು, ಐದು ತಿಂಗಳಿಗೆ ಹೋಯ್ತು. ಇವತ್ತು ನೆಟ್ಟಗಿದೆ ಅಂತ ಬರೀತೀನಿ, ಅಷ್ಟೇ.

ಆಟಗಾರ: ಅಲ್ಲಿ ಸೈಕಲ್ ತುಳೀತಿದಾರಲ್ಲ, ಅವರನ್ನ ಕೇಳಿ.

ಗಾಜಿನ ಗೋಡೆಯಾಚೆ, ವ್ಯಾಯಾಮದ ಕೋಣೆಯಲ್ಲಿ, ಒಬ್ಬನೇ ಒಬ್ಬ ಆಟಗಾರ ಎಲ್ಲೂ ಹೋಗದ ಸೈಕಲ್ಲನ್ನು ತುಳಿಯುತ್ತಿದ್ದ.

ಡಾಕ್ಟರು: ಅವನಾ? ಎಂಟು ವರ್ಷದ ಕಾಂಟ್ರ್ಯಾಕ್ಟು. ಕರೆಸಿಕೊಂಡ ಕೋಚು ನಾಲ್ಕನೇ ತಿಂಗಳಿಗೇ ಹೋದ. ಆಮೇಲೆ ಬಂದ ಮೂವರಿಗೂ ಅವನು ಬೇಡ. ಬೇರೆ ಕ್ಲಬ್ಬಿಗೆ ಹೋಗೋಕೂ ಆಗ್ತಿಲ್ಲ, ಕಳಿಸೋಕೂ ಆಗ್ತಿಲ್ಲ. ದಿನಾ ಒಂಬತ್ತಕ್ಕೆ ಬರ್ತಾನೆ, ತುಳೀತಾನೆ, ಹೋಗ್ತಾನೆ. ಇಡೀ ಕ್ಲಬ್ಬಲ್ಲಿ ಅಂಥ ತೊಡೆ ಇನ್ನೊಬ್ಬರಿಗಿಲ್ಲ. ಆಡಿ ಸವೆಸಿದ್ರೆ ತಾನೇ.

ಆಟಗಾರ: ಕೇಳಿದ್ಯೇನೇ?

ಡಾಕ್ಟರು: ಪೂರ್ತಿ ಕೇಳು. ನಮ್ಮ ಗೋಲ್‌ಕೀಪರಿಗೆ ಏಳು ವರ್ಷದ ಕಾಂಟ್ರ್ಯಾಕ್ಟು. ಬಂದ ಎರಡನೇ ತಿಂಗಳಿಗೇ ಕಾಲು ಮುರ್ಕೊಂಡ. ಒಂದು ವರ್ಷದವನಾಗಿದ್ರೆ ಪ್ಲಾಸ್ಟರ್ ಸಮೇತ ಬಸ್ಸು ಹತ್ತಿಸ್ತಿದ್ರು. ಇವನಿಗೆ ಹದಿನಾಲ್ಕು ತಿಂಗಳು ಕಾದ್ರು. ಈಗ ಅವನೇ ಕ್ಯಾಪ್ಟನ್ನು.

ಹೆಂಡತಿ: ನೀವೂ ಕೇಳಿದ್ರೇನ್ರೀ?

ಮೊಣಕಾಲಿನ ಕಡೆಯಿಂದ ಕೆಲಸವಾಗುವುದಿಲ್ಲವೆಂದು ಅವನಿಗೆ ಖಾತ್ರಿಯಾಯಿತು. ಮೈಯಲ್ಲಿ ಇನ್ನೂ ಮೇಲಕ್ಕೆ ಹೋದ.

ಆಟಗಾರ: ಸೊಂಟ ಹಿಡ್ಕೊಳತ್ತೆ.

ಡಾಕ್ಟರು: ಬಗ್ಗು. ಅಂಗೈ ನೆಲಕ್ಕೆ ತಾಗ್ತಿದೆ. ಮುಂದೆ?

ಆಟಗಾರ: ಕಣ್ಣು ಮಂಜು.

ಡಾಕ್ಟರು: ಆ ಬೋರ್ಡಿನ ಕೊನೇ ಸಾಲು ಓದು.

ಅವನು ಓದಲಾಗದವನಂತೆ ಕಣ್ಣು ಕಿರಿದು ಮಾಡಿದ. ಆದರೆ ಅಭ್ಯಾಸಬಲ, ಓದಿಬಿಟ್ಟ.

ಆಟಗಾರ: ಹೋಗಲಿ, ನಿದ್ದೆ ಬರಲ್ಲ ಡಾಕ್ಟ್ರೇ. ಹದಿನೈದು ದಿನ ಆಯ್ತು. ಎದೆ ಡವಡವ ಅನ್ನತ್ತೆ. ಕೈ ತಣ್ಣಗಾಗತ್ತೆ.

ಇದೊಂದು ಮಾತ್ರ ನಿಜವಾಗಿತ್ತು. ನಿಜವಾದ್ದರಿಂದಲೋ ಏನೋ, ದನಿ ತಾನಾಗಿ ಇಳಿದಿತ್ತು. ಹೆಂಡತಿ ಎದ್ದು ನಿಂತಳು. ತೊಡೆಯ ಮೇಲಿದ್ದ ಬ್ಯಾಗು ಕೆಳಗೆ ಬಿತ್ತು.

ಹೆಂಡತಿ: ಎದೆನಾ? ನಂಗ್ಯಾಕೆ ಹೇಳ್ಲಿಲ್ಲ?

ಆಟಗಾರ: ಹಾಗೇನಿಲ್ಲ ಕಣೇ…

ಹೆಂಡತಿ: ನೀವು ಸುಮ್ನಿರಿ! ಡಾಕ್ಟ್ರೇ, ಕಾಂಟ್ರ್ಯಾಕ್ಟು ಹಾಳಾಗಿ ಹೋಗಲಿ. ಆ ಕಾಗದ ಹರಿದು ಹಾಕಿ. ಮೊದಲು ಇವರನ್ನ ಆಸ್ಪತ್ರೆಗೆ ಸೇರಿಸಿ.

ಬೇಕಾಗಿದ್ದ ಮಾತು ಕೊನೆಗೂ ಸಿಕ್ಕಿತ್ತು. ಅವನು ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಅವಳ ಕೈ ಅವನ ಎದೆಯ ಮೇಲಿತ್ತು. ಎದೆಯೋ, ಅವಮಾನಕ್ಕೆ ಇನ್ನಷ್ಟು ಜೋರಾಗಿ ಬಡಿಯುತ್ತಿತ್ತು.

ಆಟಗಾರ: ಏನೂ ಆಗಿಲ್ಲ ಕಣೇ ನಂಗೆ. ಕುದುರೆ ಹಾಗಿದೀನಿ. ಭಯ, ಅಷ್ಟೇ.

ಡಾಕ್ಟರು: ಯಾತರ ಭಯ?

ಆಟಗಾರ: ಹೋದ ವರ್ಷ ಹನ್ನೊಂದು ಗೋಲು ಹೊಡೆದೆ ಅಂತ ತಾನೇ ಇವರು ನನ್ನ ಕರೆದದ್ದು? ನಿಜವಾಗಿ ಹೊಡೆದದ್ದು ನಾಲ್ಕೇ. ಇನ್ನು ಮೂರು ಸಲ ಎದುರಿನ ಗೋಲ್‌ಕೀಪರ್ ಜಾರಿಬಿದ್ದ. ಒಂದು ಯಾರದ್ದೋ ಗೊತ್ತಿಲ್ಲ, ನಾನು ಮೊದಲು ಕೈಯೆತ್ತಿ ಓಡಿದೆ, ನನ್ನ ಹೆಸರಿಗೆ ಬರ್ಕೊಂಡ್ರು.

ಡಾಕ್ಟರು: ಉಳಿದ ಮೂರು?

ಆಟಗಾರ: ಬೆನ್ನಿಗೆ ಬಡಿದು ಒಳಗೆ ಹೋದವು. ಅದ್ರಲ್ಲೂ ಒಂದ್ಸಲ ಬಗ್ಗಿ ಶೂ ಲೇಸ್ ಕಟ್ಕೊಳ್ತಿದ್ದೆ. ‘ಚೆಂಡಿನ ದಾರಿ ಮೊದಲೇ ಊಹಿಸಿ ಬಾಗಿದ ಚಾಣಾಕ್ಷ’ ಅಂತ ಪೇಪರಲ್ಲಿ ಬಂತು. ಕತ್ತರಿಸಿ ಇಟ್ಕೊಂಡಿದೀನಿ. ಒಂದೊಂದೇ ವರ್ಷದ ಕಾಂಟ್ರ್ಯಾಕ್ಟಾದ್ರೆ ಬಣ್ಣ ಬಯಲಾಗೋದ್ರೊಳಗೆ ಊರು ಬಿಟ್ಟಿರ್ತೀನಿ. ಒಂಬತ್ತು ವರ್ಷ, ಅದೇ ಜನ, ವಾರ ವಾರ ನೋಡ್ತಾರೆ. ಎಷ್ಟು ದಿನ ಅಂತ ಮುಚ್ಚಿಡ್ಲಿ?

ಹೆಂಡತಿ ಬಗ್ಗಿ, ಬಿದ್ದಿದ್ದ ಬ್ಯಾಗನ್ನು ಎತ್ತಿಕೊಂಡಳು.

ಡಾಕ್ಟರು: ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಿನ್ನ ಯಾರೂ ಕಳ್ಳ ಅಂದೇ ಇಲ್ವಲ್ಲೋ. ಮೂರು ಸಲ ಬೆನ್ನಿಗೆ ಬಡೀಬೇಕಾದ್ರೆ ಮೂರು ಸಲಾನೂ ಗೋಲಿನ ಮುಂದೆ ನಿಂತಿದ್ದೆ ತಾನೆ?

ಆಟಗಾರ: ಅಲ್ಲಿ ನೆರಳಿತ್ತು.

ಹೆಂಡತಿ: ರೀ, ನಿಮ್ಮ ಬಂಡವಾಳ ನಂಗೆ ಮದುವೆಯಾದ ಮೂರನೇ ವಾರಕ್ಕೇ ಗೊತ್ತಾಯ್ತು. ನಾನೇನು ಬಿಟ್ಟು ಎದ್ದು ಹೋದ್ನಾ?

ಆಟಗಾರ: ಇಲ್ಲ. ಆದ್ರೆ ನೀನು ಟಿಕೆಟ್ ತಗೊಂಡು ನೋಡ್ತಿರಲಿಲ್ಲ.

ಹೆಂಡತಿ: ಬೇಡ ಅಂತ ಒಂದು ಮಾತು ಹೇಳೋಕೆ ಏನು ಕಷ್ಟ ಇತ್ತು?

ಆಟಗಾರ: ನಿಂಗೆ ಒಂಬತ್ತು ವರ್ಷ ಬೇಕಲ್ಲ!

ಹೆಂಡತಿ: ನಂಗೆ? ನಂಗೆ ಬೇಕಿರೋದು ಎರಡು. ಒಂದೇ ಕ್ಲಾಸಿನ ಮಕ್ಕಳನ್ನ ಮೂರರಿಂದ ನಾಲ್ಕಕ್ಕೆ ದಾಟಿಸೋಕೆ ಎರಡು ವರ್ಷ ಸಾಕು. ಒಂಬತ್ತು ಅಂದಾಗ ನೀವು ಹಲ್ಲು ಬಿಟ್ಟು ಕೂತಿದ್ರಿ, ಪಾಪ ಖುಷಿಯಾಗಿದಾರೆ ಅಂತ ನಾನೂ ಹೂಂ ಅಂದೆ.

ಆಟಗಾರ: ಅದು ಖುಷಿಯಲ್ಲ ಕಣೇ. ಹೆದರಿದ್ರೆ ನನ್ನ ಬಾಯಿ ಹಾಗೇ ಆಗೋದು.

ಹೆಂಡತಿ: ಮದುವೆ ಫೋಟೋದಲ್ಲೂ ಹಾಗೇ ಇದೆ!

ಡಾಕ್ಟರು ಕನ್ನಡಕ ಏರಿಸಿಕೊಂಡು ಫಾರ್ಮು ತುಂಬಿದರು. ಮೈ ನೆಟ್ಟಗಿದೆ, ಆಡಲು ಅಡ್ಡಿಯಿಲ್ಲ.

ಡಾಕ್ಟರು: ನನ್ನ ಕೆಲಸ ಮುಗೀತು. ವರ್ಷ ಎಷ್ಟು ಅನ್ನೋದು ಮೇಲಿನ ಮಹಡಿ ವಿಷಯ. ಹೋಗಿ ಬಾಯಿಬಿಟ್ಟು ಹೇಳು. ಅಲ್ಲಿ ಕುಂಟಬೇಡ, ಮ್ಯಾನೇಜರ್‌ಗೆ ಹೃದಯ ಸರಿಯಿಲ್ಲ.

ಅವನು ಪ್ಯಾಂಟು ಹಾಕಿಕೊಂಡು ಮೇಲೆ ಹೋದ. ಒಂಬತ್ತು ಬೇಡ, ಹೆಂಡತಿಯ ಎರಡಕ್ಕೆ ಒಂದು ಸೇರಿಸಿ ಮೂರು ಸಾಕು ಎಂದ. ವಾದಕ್ಕೆಂದು ದಾರಿಯಲ್ಲಿ ಆರು ಕಾರಣ ಜೋಡಿಸಿಕೊಂಡಿದ್ದ. ಒಂದೂ ಖರ್ಚಾಗಲಿಲ್ಲ. ಮ್ಯಾನೇಜರು ಎಷ್ಟು ಬೇಗ ಒಪ್ಪಿಕೊಂಡರೆಂದರೆ ಅವನಿಗೆ ಕೊಂಚ ಬೇಜಾರೇ ಆಯಿತು. ಒಂದೆರಡು ಸಲವಾದರೂ ‘ನಾಲ್ಕು ವರ್ಷಕ್ಕಾದರೂ ಇರಿ’ ಎನ್ನಬಹುದಿತ್ತು.

ಮೂರು ಗಂಟೆಗೆ ಸಹಿಯಾಯಿತು. ಭಾನುವಾರದ ಪಂದ್ಯದಲ್ಲಿ ಅವನನ್ನು ಎಪ್ಪತ್ತೊಂದನೇ ನಿಮಿಷಕ್ಕೆ ಮೈದಾನಕ್ಕಿಳಿಸಿದರು. ಗೋಲು ಬರಲಿಲ್ಲ. ಆ ರಾತ್ರಿ ನಿದ್ದೆ ಬಂತು.