ಡೊಂಕು ತುಣುಕು ಮತ್ತು ಕಿಟಕಿಯ ಪರದೆ

ಆರಿಸುವುದು ನನಗೆ ಬರುವುದಿಲ್ಲ. ಇದು ಗೊತ್ತಿಲ್ಲದ ಕಂಪನಿಯೊಂದು ಕೆಲವು ವರ್ಷ ನನಗೆ ಆರಿಸುವುದಕ್ಕೆಂದೇ ಸಂಬಳ ಕೊಟ್ಟಿತು. ಹೋಟೆಲಿನಲ್ಲಿ ಮಸಾಲೆದೋಸೆ ಹೇಳಿ, ಪಕ್ಕದ ಮೇಜಿನ ಪೂರಿ ಉಬ್ಬಿರುವುದನ್ನು ಕಂಡು ಸಪ್ಲೈಯರನ್ನು ವಾಪಸು ಕರೆಯುವವಳು ನಾನು. ಅಷ್ಟರಲ್ಲಿ ಪೂರಿ ಇಳಿದುಹೋಗಿರುತ್ತದೆ; ನನಗೆ ಮತ್ತೆ ದೋಸೆಯ ನೆನಪಾಗುತ್ತದೆ.

ಕಂಪನಿ ಮಹದೇವಪುರದ ಕಡೆಗಿತ್ತು. ಹೊರವರ್ತುಲ ರಸ್ತೆಯಲ್ಲಿ ಆಗಿನ್ನೂ ಬಸ್ಸುಗಳು ಮುಂದಕ್ಕೆ ಚಲಿಸುತ್ತಿದ್ದ ಕಾಲ. ಔಷಧ ಹುಡುಕುವುದು ನಮ್ಮ ಕಸುಬು, ಅದರಲ್ಲಿ ನನ್ನ ಪಾಲಿನದು ‘ಫ್ರಾಗ್ಮೆಂಟ್ ಲೈಬ್ರರಿ’ ಕಟ್ಟುವುದು. ಲೈಬ್ರರಿಯ ಕೆಲಸ ಎಂದಾಗ ನಮ್ಮ ಅತ್ತೆ, “ಹಂಗಾದ್ರ ಬರೋವಾಗ ಒಂದೆರಡು ಕಾದಂಬರಿ ತಗೊಂಬಾ” ಎಂದಿದ್ದರು. ಅಲ್ಲಿದ್ದದ್ದು ಪುಟ್ಟ ಬಾಟಲಿಗಳಲ್ಲಿ ಬಿಳಿ ಪುಡಿಗಳು. ರೋಗಕ್ಕೆ ಕಾರಣವಾದ ಪ್ರೋಟೀನಿನ ಮೈಮೇಲೆ ಸಣ್ಣಸಣ್ಣ ಕುಳಿಗಳಿರುತ್ತವೆ. ಇಡೀ ಔಷಧವನ್ನೇ ಒಮ್ಮೆಗೆ ಮಾಡಲು ಹೋಗದೆ, ತೀರಾ ಚಿಕ್ಕ ಅಣುಗಳನ್ನು, ಅಂದರೆ ತುಣುಕುಗಳನ್ನು, ಆ ಕುಳಿಗಳ ಮೇಲೆ ಬಿಟ್ಟು ಯಾವುದು ಕೂರುತ್ತದೆ ಎಂದು ನೋಡುವುದು. ಕೂತದ್ದನ್ನು ಹಿಡಿದು ಬೆಳೆಸುವುದು. ಹಾಗಾಗಿ ಸಂಗ್ರಹದಲ್ಲಿ ಒಂದರಂತೆ ಇನ್ನೊಂದು ಇರಬಾರದು, ನೀರಿನಲ್ಲಿ ಕರಗಬೇಕು, ಕಂಡಕಂಡದ್ದರ ಜೊತೆ ಜಗಳಕ್ಕೆ ಬೀಳಬಾರದು. ಇಷ್ಟನ್ನು ಕಂಪ್ಯೂಟರೇ ಸೋಸಿ ಕೊಡುತ್ತಿತ್ತು. ಉಳಿದದ್ದನ್ನು ‘ಅನುಭವದ ಕಣ್ಣಿ’ನಿಂದ ನೋಡಿ ಬೇಕು, ಬೇಡ ಎನ್ನುವವಳು ನಾನು. ನನ್ನ ಕಣ್ಣಿಗೆ ಆಗ ಬಹಳ ಮರ್ಯಾದೆಯಿತ್ತು.

ಶಾಹೀನ್ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿ, ಶಿವಾಜಿನಗರದವಳು. ನಾವು ಕೊಳ್ಳುತ್ತಿದ್ದ ತುಣುಕುಗಳು ಬಹುಪಾಲು ಚಪಾತಿಯಂತೆ ಚಪ್ಪಟೆ. ಕುಳಿ ಚಪ್ಪಟೆಯಾಗಿರುತ್ತದೆ ಎಂದು ಯಾರು ಹೇಳಿದರು ಎಂದು ಕೇಳುತ್ತ, ಅವಳು ತಿಂಗಳುಗಟ್ಟಲೆ ಕೂತು ಎರಡು ಉಂಗುರಗಳು ಅಡ್ಡಡ್ಡ ಸಿಕ್ಕಿಕೊಂಡಂಥ ಒಂದು ತುಣುಕನ್ನು ತಾನೇ ತಯಾರಿಸಿದ್ದಳು. ಅದು ಒಳಗೆ ಸೇರಿದರೆ ಅಂಥ ಇನ್ನಷ್ಟು ಮಾಡಲು ಅವಳಿಗೆ ಅವಕಾಶ. ಸೇರದಿದ್ದರೆ ಇಲ್ಲ; ಆಯ್ಕೆ ಮುಗಿದೊಡನೆ ಸಂಗ್ರಹಕ್ಕೆ ಬೀಗ ಬೀಳುತ್ತದೆ, ಆಮೇಲೆ ಹೊಸದು ಸೇರುವಂತಿಲ್ಲ, ಅವಳು ಊರವರ ಪುಡಿಗಳನ್ನು ತೂಗುತ್ತ ಕೂರಬೇಕು. ಕಂಪ್ಯೂಟರಿನ ಪರದೆಯ ಮೇಲೆ ಅದರ ಚಿತ್ರ ಬಂತು. ಕಾಲು ಮುರಿದ ಕುರ್ಚಿಯ ಹಾಗಿತ್ತು. ನಾನು “ಬೇಡ” ಎಂದೆ.

“ಯಾಕಕ್ಕಾ?”

“ಏನೋ ಡೊಂಕಾಗಿದೆ ಕಣೇ.”

“ಡೊಂಕಾಗಿರ್ಲಿ ಅಂತಾನೇ ಅಲ್ವಾ ಅಷ್ಟು ಕಷ್ಟಪಟ್ಟಿದ್ದು!”

ಅವತ್ತು ಅವಳು ಅತ್ತಳು ಎಂದು ಬರೆಯಲು ಕೈ ಹೋಗುತ್ತಿದೆ. ಅತ್ತಿರಲಿಲ್ಲ. ಕ್ಯಾಂಟೀನಿಗೆ ಹೋಗಿ ಎರಡು ಸಮೋಸ ತಿಂದಳು. ನೆನಪು ಇಂಥ ಕಡೆಯೆಲ್ಲ ಸುಮ್ಮನೆ ಕಣ್ಣೀರು ಸುರಿಸಿ ಚೆಂದ ಮಾಡುತ್ತದೆ.

ಅದೇ ವಾರದ ಶನಿವಾರ, ರಾಮಮೂರ್ತಿ ನಗರದ ನಮ್ಮ ಬಾಡಿಗೆ ಮನೆಯ ಕಿಟಕಿಗೆ ಪರದೆ ಬಟ್ಟೆ ತರಬೇಕಿತ್ತು. ಧಾರವಾಡದ ನಮ್ಮ ಯಜಮಾನರು, “ಬಿಸಲು ತಡದ್ರ ಸಾಕಲ್ಲೇನು? ಯಾವುದರೆ ತಗೊಂಬಾ” ಎಂದು ಕೈತೊಳೆದುಕೊಂಡಿದ್ದರು. ಶಾಹೀನ್ ತನಗೆ ಪರಿಚಯದ ಅಂಗಡಿಗೆ ಕರೆದುಕೊಂಡು ಹೋದಳು. ಸಿಟ್ಟು ಸಿಟ್ಟಿನ ಜಾಗದಲ್ಲಿ, ಬಟ್ಟೆ ಬಟ್ಟೆಯ ಜಾಗದಲ್ಲಿ. ಅಂಗಡಿಯ ಚಾಚಾ ಥಾನುಗಳನ್ನು ಬಿಚ್ಚುತ್ತ ಹೋದರು, ನಾನು ಬೇಡ ಬೇಡ ಎನ್ನುತ್ತ ಹೋದೆ. ಅವರ ಕತ್ತಿನವರೆಗೆ ಬಟ್ಟೆ ಏರಿದಾಗ ನನಗೊಂದು ಇಷ್ಟವಾಯಿತು.

“ಇದು ನೋಡಿ! ಇದನ್ನ ಮೊದಲೇ ತೋರಿಸಬಾರದಿತ್ತಾ?”

ಚಾಚಾ ಶಾಹೀನಳ ಮುಖ ನೋಡಿದರು. “ಮೊದಲು ತೋರಿಸಿದ್ದೇ ಅದು ಮೇಡಂ. ಜ್ವರ ಬಂದಂಗಿದೆ ಈ ಬಣ್ಣ ಅಂದ್ರಿ.”

ಶಾಹೀನ್ ನಕ್ಕಳು. ಆಮೇಲೆ ನಗು ನಿಲ್ಲಿಸಿ ಏನೋ ಯೋಚಿಸಿದಳು. ನನಗೆ ಹೆದರಿಕೆಯಾಗಬೇಕಿದ್ದದ್ದು ಆಗ.

ಸೋಮವಾರ ಅವಳು ನೇರ ನಮ್ಮ ಬಾಸ್ ಪಿಂಟೋ ಸರ್ ಹತ್ತಿರ ಹೋಗಿದ್ದಳಂತೆ. “ಅಕ್ಕ ಬೇಡ ಅಂದದ್ದು, ಬೇಕು ಅಂದದ್ದು ಎರಡನ್ನೂ ಕಲಸಿ, ಚಿತ್ರ ತಿರುಗಿಸಿ ಇನ್ನೊಂದ್ಸಲ ತೋರಿಸೋಣ ಸರ್. ಅವರಿಗೆ ಹೇಳೋದು ಬೇಡ.” ನಾನು ಹೊಸ ಕಂತು ಬಂತೆಂದು ಕಾಫಿ ಕುಡಿಯುತ್ತ ಗತ್ತಿನಿಂದ ಕೂತೆ. ಬೇಕು. ಬೇಡ. ಛೀ. ಒಂದು ತುಣುಕು ಬಂದಾಗ ಲೋಟ ಕೆಳಗಿಟ್ಟೆ. “ಇದು ಚೆನ್ನಾಗಿದೆ. ಯಾರೋ ತಲೆ ಓಡಿಸಿದ್ದಾರೆ.”

“ತಲೆಕೆಳಗಾಗಿ ನೋಡಿದ್ರೆ ಡೊಂಕಾಗಿ ಕಾಣುತ್ತೆ ಅಕ್ಕಾ,” ಎಂದಳು ಶಾಹೀನ್.

ಪಿಂಟೋ ಸರ್ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೊದಲು ಬೇಕು ಎಂದಿದ್ದ ಎಷ್ಟೋ ತುಣುಕುಗಳಿಗೆ ನಾನು ಛೀ ಎಂದಿದ್ದೆನಂತೆ. ನಗು ಮುಗಿದ ಮೇಲೆ ಅವರೂ ಹಾಗೇ ಎರಡು ಸಲ ಆರಿಸಿ ನೋಡಿದರು, ನನಗಿಂತ ಕಡೆಯಾದರು. ಆಮೇಲೆ ಯಾರ ಕಣ್ಣಿಗೂ ಕೆಲಸ ಉಳಿಯಲಿಲ್ಲ. ಸೋಸುವ ನಿಯಮ ದಾಟಿ ನೀರಿನಲ್ಲಿ ಕರಗಿದ್ದೆಲ್ಲ ಒಳಗೆ, ಡೊಂಕೂ ಒಳಗೆ.

ಕೆಲವು ತಿಂಗಳ ನಂತರ ಅದು ಒಂದು ಪ್ರೋಟೀನಿನ ಕುಳಿಯಲ್ಲಿ ಕೂತಿತು. ಗಟ್ಟಿಯಾಗಿ ಅಲ್ಲ, ಬಸ್ಸಿನಲ್ಲಿ ಮೂರನೆಯವರು ಸೀಟಿನ ಅಂಚಿನಲ್ಲಿ ಕೂರುವ ಹಾಗೆ. ನಮ್ಮ ಕಸುಬಿನಲ್ಲಿ ಅಷ್ಟೇ ಹಬ್ಬ. ಔಷಧವಾಗಲು ದಾರಿ ದೂರ; ಆದರೆ ದಾರಿ ಅಂತ ಒಂದು ಆಯಿತು. ಶಾಹೀನಳಿಗೆ ಲ್ಯಾಬಿನಲ್ಲಿ ಅವಳದೇ ಒಂದು ಬೆಂಚು ಸಿಕ್ಕಿತು. ನೋಡಲು ಬಂದ ಯಾರೋ ಹಿರಿಯರು, “ಇದನ್ನ ಆರಿಸಿದ್ದು ಯಾರು?” ಎಂದು ಕೇಳಿದರು. ನಾನು ವಿನಯದಿಂದ ನೆಲ ನೋಡಿದೆ.

“ಅಕ್ಕಾನೇ ಸರ್,” ಎಂದಳು ಶಾಹೀನ್. “ಎರಡನೇ ಸಲ.”

ಈಗಲೂ ನಾನು ಸುಧಾರಿಸಿಲ್ಲ. ಈ ಬರಹದ ಮೊದಲ ಸಾಲನ್ನು ನಿನ್ನೆ ಚೆನ್ನಾಗಿಲ್ಲವೆಂದು ಹೊಡೆದುಹಾಕಿದ್ದೆ. ಇವತ್ತು ಬೆಳಿಗ್ಗೆ ಹೊಸದೊಂದು ಹೊಳೆಯಿತು, ಖುಷಿಯಾಗಿ ಬರೆದೆ. ನೋಡಿದರೆ ಅದೇ ಸಾಲು.