ಮಾ ಇದ್ದಾಗ ಉರಿಯುವ ದೀಪ

ಮನೋಹರನ ಕಾರಿನಲ್ಲಿ ಒಂದು ಹಳದಿ ದೀಪವಿತ್ತು. ಪುಟ್ಟ ಕಾರಿನ ಚಿತ್ರ, ಅದರ ಹಿಂದೆ ಅಂಕುಡೊಂಕಾದ ಎರಡು ಗೆರೆ, ಕುಡಿದವನು ಎಳೆದ ರಂಗೋಲಿಯ ಹಾಗೆ. ಚಕ್ರ ಜಾರದಂತೆ ಹಿಡಿದಿಡುವ ಟ್ರಾಕ್ಷನ್ ಕಂಟ್ರೋಲ್ ಕೆಲಸ ಮಾಡುತ್ತಿಲ್ಲ ಎಂದು ಅದರ ಅರ್ಥ. ನಾಲ್ಕು ತಿಂಗಳಿಂದ ಅದು ಮನಸ್ಸು ಬಂದಾಗ ಉರಿಯುತ್ತಿತ್ತು. ಮೆಕ್ಯಾನಿಕ್ ಹತ್ತಿರ ಒಯ್ದರೆ, ಡಾಕ್ಟರ ಮುಂದೆ ಬಾಯಿ ತೆರೆದಾಗಿನ ಹಲ್ಲುನೋವಿನಂತೆ, ಮಾಯ.

ಚನ್ನಪಟ್ಟಣದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವ ಮನೋಹರ ಇದಕ್ಕೆಲ್ಲ ಹೆದರುವವನಲ್ಲ. ಒಂದು ನೋಟ್‌ಬುಕ್ ಮಾಡಿದ. ತಾರೀಖು, ಬಿಸಿಲು, ರಸ್ತೆ, ಟೈರಿನ ಗಾಳಿ, ಕಾರಿನಲ್ಲಿದ್ದವರು, ಹೀಗೆ ಪ್ರತಿ ಪ್ರಯಾಣಕ್ಕೂ ಒಂದು ಸಾಲು. ಮೂವತ್ತೊಂದನೆಯ ಸಾಲಿಗೆ ಸತ್ಯ ಬಯಲಾಯಿತು. ದೀಪ ಉರಿದ ಒಂಬತ್ತು ಸಲವೂ ಕಾರಿನಲ್ಲಿ ಮಾವ ಕೃಷ್ಣಪ್ಪನವರಿದ್ದರು. ಅವರಿಲ್ಲದಾಗ ಒಮ್ಮೆಯೂ ಉರಿದಿರಲಿಲ್ಲ. ವಿಜ್ಞಾನಕ್ಕೆ ದಾಕ್ಷಿಣ್ಯವಿಲ್ಲ, ಆದರೆ ಮನೋಹರನಿಗೆ ಹೆಂಡತಿಯಿದ್ದಳು. ಹಾಗಾಗಿ ‘ಮಾವ’ ಎಂದು ಬರೆಯದೆ ‘ಮಾ’ ಎಂದಷ್ಟೇ ಬರೆದುಕೊಂಡಿದ್ದ.

ಆ ಭಾನುವಾರ ಮಾಗಡಿಯಾಚೆ ಕಲ್ಯದಲ್ಲಿ ಹೆಂಡತಿ ದಿವ್ಯಳ ತಂಗಿಯ ಮದುವೆ ಮಾತುಕತೆ. ಹನ್ನೆರಡಕ್ಕೆ ಯಮಗಂಡ ಕಾಲ, ಅಷ್ಟರೊಳಗೆ ಗಂಡಿನ ಮನೆಯ ಹೊಸಿಲು ದಾಟಿರಬೇಕು. ಬಾಡಿಗೆ ಕಾರಿಗೆ ಹೇಳಹೊರಟಿದ್ದ ಕೃಷ್ಣಪ್ಪನವರನ್ನು ಮನೋಹರ ತಡೆದು, ತಾನೇ ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದ. ಮದುವೆಯಾದ ಆರು ವರ್ಷದಲ್ಲಿ ಮಾವ ಅವನನ್ನು ನಂಬಿ ಒಂದು ಕೆಲಸ ವಹಿಸಿದ್ದು ಇದೇ ಮೊದಲು.

“ಆ ದೀಪ ಗೀಪ ಹತ್ಕಳಲ್ವಾ ಅಳಿಯಂದ್ರೇ?”

“ಇಲ್ಲ ಮಾವ.”

“ಹತ್ಕಂಡ್ರೆ ನಿಮ್ ಗಾಡೀಲಿ ಕೂರೋದು ಇದೇ ಕಡೇ ಸಲ, ನೋಡಿ.”

ಕೃಷ್ಣಪ್ಪ ಆರಡಿ ಆಳು. ಮುಂದೆ ಕೂತರೆ ಲಾರಿಗಳೆಲ್ಲ ಮೈಮೇಲೆ ಬಂದಂತಾಗುತ್ತದೆಂದು ಯಾವಾಗಲೂ ಡ್ರೈವರ್ ಸೀಟಿನ ಹಿಂದೆಯೇ ಕಾಲು ಚಾಚಿ ಕೂರುತ್ತಿದ್ದರು. ದಿವ್ಯ ಮುಂದೆ ಕೂತಳು. ಮನೋಹರ ಮರ್ಯಾದೆಯಿಂದ ತನ್ನ ಸೀಟನ್ನು ಮುಂದಕ್ಕೆಳೆದುಕೊಂಡು ಹೊರಟ.

ರಾಮನಗರ ದಾಟುತ್ತಿದ್ದಂತೆ ಎರಡು ಸೀಟುಗಳ ನಡುವಿನಿಂದ ಮಾವನ ತಲೆ ಮುಂದೆ ಬಂತು.

“ಹತ್ಕತು,” ಅಂದರು.

ಮಾಗಡಿ ರಸ್ತೆಯಲ್ಲೇ ಮೆಕ್ಯಾನಿಕ್ ಅಸ್ಗರ್‌ನ ಶೆಡ್ಡು. ಕಾರು ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ದೀಪ ಇಲ್ಲ. ಅಸ್ಗರ್ ಸ್ಕ್ಯಾನರ್ ಚುಚ್ಚಿ ನೋಡಿದ.

“ಒಂದ್ ಫಾಲ್ಟ್ ಕೋಡೂ ಇಲ್ಲ ಸಾರ್. ಗಾಡಿ ಮಗು ಇದ್ದಂಗೈತೆ.”

ಪಕ್ಕದ ಮನೆಯ ತಾಜ್ ಪಾಷಾ ರೇಷ್ಮೆ ನೂಲು ತೆಗೆಸುವವನು. ಟೀ ಲೋಟ ಹಿಡಿದು ತಾನೂ ಬಂದು ಬಾನೆಟ್ಟಿನೊಳಗೆ ಬಗ್ಗಿದ. ಬೇರೆ ದಾರಿಯಿಲ್ಲದೆ ಮನೋಹರ ನೋಟ್‌ಬುಕ್ ಕೊಟ್ಟ. ಅಸ್ಗರ್ ಅದನ್ನು ಗಟ್ಟಿಯಾಗಿ ಓದುತ್ತಾನೆಂದು ಅವನು ಎಣಿಸಿರಲಿಲ್ಲ.

“‘ಮಾ ಇದ್ದರು, ಉರಿಯಿತು. ಮಾ ಇಲ್ಲ, ಉರಿಯಲಿಲ್ಲ. ಮಾ ತೂಕ ಸುಮಾರು ತೊಂಬತ್ತು ಕೆಜಿ.’ ಸಾರ್, ತೊಂಬತ್ ಕೆಜಿ ಪಾರ್ಟು ಈ ಗಾಡೀಲಿ ಯಾವ್ದೈತೆ?”

“ಮಾ ಅಂದ್ರೆ ನಮ್ಮಲ್ಲಿ ಅಮ್ಮ,” ಅಂದ ತಾಜ್ ಪಾಷಾ. “ಅಮ್ಮನ್ನ ಯಾಕ್ ಸಾರ್ ತೂಕಕ್ಕೆ ಹಾಕಿದ್ರಿ?”

“ಅದು ಮಾಪಕ. ಒಂದು ಥರದ ಮಾಪಕ,” ಅಂದ ಮನೋಹರ. ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು.

“ಹಳೇದಾಗೋಗಿರ್ಬೇಕು,” ಎಂದು ಕೃಷ್ಣಪ್ಪ ಕಾರಿನೊಳಗಿಂದಲೇ ಹೇಳಿದರು. “ತೆಗ್ಸಿ ಎಸೀರಿ ಅತ್ಲಾಗೆ. ಕೆಟ್ಟಿರೋದ್ನ ಇಟ್ಕಂಡು ಯಾಕ್ ಒದ್ದಾಡ್ತೀರಿ?”

“ಸಾರೂ ಅದೇ ಬರ್ದವ್ರೆ ಯಜಮಾನ್ರೇ. ‘ಮಾ ಅರ್ಧ ದಾರಿಯಲ್ಲಿ ಇಳಿಸಿ ನೋಡಬೇಕು. ದಿವ್ಯಗೆ ಹೇಳುವುದು ಬೇಡ.’”

ದಿವ್ಯ ನೋಟ್‌ಬುಕ್ ಕೈಗೆ ತೆಗೆದುಕೊಂಡಳು. ಎರಡು ಪುಟ ಓದಿದಳು. ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. “ಕಲ್ಯದ್ದು ಮುಗೀಲಿ ರೀ,” ಎಂದಷ್ಟೇ ಅಂದಳು.

ಅಸ್ಗರ್ ಸೀಟನ್ನು ಹಿಂದಕ್ಕೆ ತಳ್ಳಿ, ಮಾವ ಗೊಣಗುತ್ತಿದ್ದರೂ ಕೇಳದೆ, ಅವರನ್ನು ಕೂರಿಸಿಕೊಂಡೇ ಒಂದು ಸುತ್ತು ಹೊಡೆದು ಬಂದ. ದೀಪ ಹತ್ತಲಿಲ್ಲ. ಮಾ ಒಳಗಿದ್ದೂ ಹತ್ತಲಿಲ್ಲ. ಮನೋಹರನ ಮೂವತ್ತೊಂದು ಸಾಲುಗಳು ಒಂದೇ ಸುತ್ತಿಗೆ ಮಲಗಿಬಿಟ್ಟವು. ಈಗ ಅವನೇ ಎಂದಿನಂತೆ ಸೀಟು ಮುಂದಕ್ಕೆಳೆದುಕೊಂಡು ಓಡಿಸಿದ. ಅಸ್ಗರ್ ಪಕ್ಕದಲ್ಲಿ ಕೂತ. ಒಂದು ಕಿಲೋಮೀಟರ್ ಹೋಗಿರಲಿಲ್ಲ, ದೀಪ ಹತ್ತಿತು. ಅಸ್ಗರ್ ದೀಪದ ಕಡೆ ನೋಡಲೇ ಇಲ್ಲ. ಬಗ್ಗಿ ಕೆಳಗೆ ನೋಡುತ್ತಿದ್ದ.

“ಸಾರ್, ಕಾಲ್ ಅಲ್ಲಾಡಿಸ್ಬ್ಯಾಡಿ. ನಿಮ್ ಬಲಗಾಲ್ ಮಂಡಿ ಎಲ್ಲೈತೆ ನೋಡ್ಕಳಿ.”

ಮಂಡಿ ಸ್ಟಿಯರಿಂಗಿನ ಪಕ್ಕದ ಒಂದು ಸ್ವಿಚ್ಚನ್ನು ಒತ್ತಿ ಕೂತಿತ್ತು. ಅದು ಟ್ರಾಕ್ಷನ್ ಕಂಟ್ರೋಲನ್ನು ಆಫ್ ಮಾಡುವ ಸ್ವಿಚ್ಚು. ಮಾವ ಹಿಂದೆ ಕೂತಾಗ ಸೀಟು ಮುಂದೆ, ಸೀಟು ಮುಂದೆ ಬಂದಾಗ ಮಂಡಿ ಸ್ವಿಚ್ಚಿಗೆ. ನಾಲ್ಕು ತಿಂಗಳು ಬಿಸಿಲನ್ನೂ ಗಾಳಿಯನ್ನೂ ಅಳೆದ ಮನೋಹರ ತನ್ನ ಕಾಲನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕೃಷ್ಣಪ್ಪನವರಿಗೆ ಬಲು ಸಂತೋಷವಾಯಿತು. “ಅಂದ್ರೆ ಗಾಡೀದೇನೂ ಇಲ್ಲ. ಎಲ್ಲಾ ನಿಮ್ ಮಂಡೀದೇ. ಬುಡಿ, ಲಾರಿ ಬಂದ್ರೂ ಬರ್ಲಿ, ನಾನು ಮುಂದ್ಗಡೆ ಕೂತ್ಕತೀನಿ. ಮಂಡಿ ಮೇಲೆ ಕಣ್ಣೂ ಇಟ್ಟಂಗಾಯ್ತದೆ.”

ಶೆಡ್ಡಿಗೆ ಮರಳಿದಾಗ ಅಲ್ಲಿ ಕಾದಿದ್ದ ದಿವ್ಯ ಹಿಂದೆ ಕೂತಳು, ಮಾವ ಮುಂದೆ ಬಂದರು. ಅಸ್ಗರ್‌ನನ್ನು ಅಲ್ಲೇ ಬಿಟ್ಟು ಹೊರಟರು. ಕಾರು ವೇಗ ಹಿಡಿಯುತ್ತಿದ್ದಂತೆ ಇನ್ನೊಂದು ದೀಪ ಹತ್ತಿತು. ಇದು ಕೆಂಪು. ಹಳದಿಯದು ಮೌನಿ; ಇದಕ್ಕೆ ಬಾಯಿತ್ತು. ಕೀಂ, ಕೀಂ, ಕೀಂ ಎಂದು ಕೂಗತೊಡಗಿತು.

“ಮಾವ, ಬೆಲ್ಟ್ ಹಾಕ್ಕೊಳ್ಳಿ.”

“ಗಂಜಿ ಹಾಕ್ಸಿ ಇಸ್ತ್ರಿ ಮಾಡ್ಸಿರೋ ಶರ್ಟು. ಬೀಗರಾಗೋರ ಮನೆಗೆ ಮುದುಡ್ಕಂಡ್ ಹೋಗನಾ? ನೀವ್ ಮಂಡಿ ತೆಗೀರಿ.”

“ಇದು ಮಂಡಿ ಅಲ್ಲ ಮಾವ. ಇದಕ್ಕೆ ಕಾರಣ...”

“ತಪ್ಪು ನಿಮ್ದೇ ಅಂತ ಈಗ್ತಾನೇ ಗೊತ್ತಾಗೈತೆ. ಮತ್ತೆ ಯಾಕ್ ಇನ್ನೊಬ್ರ ಮೇಲ್ ಹಾಕ್ತೀರಿ?”

ಮನೋಹರ ಕನ್ನಡಿಯಲ್ಲಿ ನೋಡಿದ. ದಿವ್ಯ ಅವನನ್ನೇ ನೋಡುತ್ತಿದ್ದಳು. ಈ ಸಲ ಕಾರಣ ಯಾರೆಂಬುದಕ್ಕೆ ಯಾವ ಪ್ರಯೋಗವೂ ಬೇಕಿರಲಿಲ್ಲ. ಹೇಳುವ ಹಕ್ಕು ಮಾತ್ರ ಉಳಿದಿರಲಿಲ್ಲ. ಅವನು ಎತ್ತಿನ ಗಾಡಿಯ ವೇಗಕ್ಕೆ ಇಳಿದು ಎಚ್ಚರದಿಂದ ಓಡಿಸಿದ. ಕೂಗು ಮಾತ್ರ ನಿಲ್ಲಲಿಲ್ಲ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಕಾರು ಕಲ್ಯದ ಮನೆಯ ಮುಂದೆ ಕೂಗುತ್ತಲೇ ಬಂದು ನಿಂತಿತು. ಗಂಡಿನ ತಾಯಿ ಶಿವಲಿಂಗಮ್ಮ ಗಾಬರಿಯಾಗಿ ಜಗುಲಿಗೆ ಬಂದರು.

“ಅದೇನಣ್ಣ ಸದ್ದು?”

“ಏನಿಲ್ಲ ಕಣವ್ವ. ನಮ್ ಅಳಿಯಂದ್ರ ಮಂಡಿ. ಕಾಲೇಜ್ ಮೇಷ್ಟ್ರು, ನಾಕ್ ತಿಂಗ್ಳಿಂದ ಬುಕ್ಕಲ್ಲೆಲ್ಲಾ ಬರ್ಕಂಡವ್ರೆ, ಸರಿಯಾಗ್ಲಿಲ್ಲ.”

ಶಿವಲಿಂಗಮ್ಮ ಮರುಕದಿಂದ ಮನೋಹರನನ್ನು ಮೇಲಿಂದ ಕೆಳಗೆ ನೋಡಿದರು. “ಇಷ್ಟು ಸಣ್ ವಯಸ್ಗೇ? ಬಾಪ್ಪ ಒಳಿಕ್ಕೆ. ಹರಳೆಣ್ಣೆ ಕಾಯ್ಸಿ ಒಸಿ ತಿಕ್ಕುದ್ರೆ ಸದ್ದು ನಿಂತೋಯ್ತದೆ.”

ನಡುಮನೆಯಲ್ಲಿ ಮದುವೆಯ ಮಾತು ಶುರುವಾಯಿತು. ಮನೋಹರ ಮೂಲೆಯ ಬೆಂಚಿನಲ್ಲಿ ಕೂತಿದ್ದ. ಬಿಸಿ ಎಣ್ಣೆಯ ಬಟ್ಟಲು ಹಿಡಿದು ಬಂದ ಶಿವಲಿಂಗಮ್ಮ ಕೇಳಿದರು:

“ಯಾವ್ ಕಾಲಪ್ಪ?”

ಮನೋಹರ ಮಾವನನ್ನು ನೋಡಿದ, ಹೆಂಡತಿಯನ್ನು ನೋಡಿದ, ಪ್ಯಾಂಟು ಮೇಲೆ ಮಡಿಸಿದ.

“ಬಲಗಾಲು,” ಅಂದ.